ಒಂದು ಕೊರತೆಯ ಕೊರತೆ

ಸಮಸ್ತ ನಾಗರಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಬಡತನ ಅಳೆಯಲು ಹೊರಟ ಈ ಮೇಷ್ಟರ ಎಡಗಾಲಿನ ಚಪ್ಪಲಿಯ ಉಂಗುಷ್ಟ ಈಗಷ್ಟೇ ಕಿತ್ತುಹೋಗಿದೆ, ಅದನ್ನು ತುಂಬಲು ಟ್ಯಾಬಿನಲ್ಲಿ ಕಾಲಂ ಇಲ್ಲ, ಕಾಲಿಗೇ ಕಾಲಂ ಇಲ್ಲ, ಎಳೆದುಕೊಂಡೇ ಮೆಟ್ಟಿಲು ಹತ್ತು — ಸಂಬಳ ಎಷ್ಟು ಅಂತ ಕೇಳಬಾರದಂತೆ, ತರಬೇತಿಯಲ್ಲಿ ಹೇಳಿದ್ದು, ಬಡತನ ಅಂದ್ರೆ ಬರೀ ಕಾಸಲ್ಲ ಮೇಷ್ಟ್ರೇ, ಹೊಗೆ, ನೀರು, ಕಕ್ಕಸು, ಓದು, ಎಲ್ಲಾ ಬಡತನಾನೇ, ಇದಕ್ಕೇ ಬಡತನ ಸೂಚ್ಯಂಕ ಅನ್ನೋದು, ಮನೆಯಲ್ಲಿ ನಾಲ್ಕು ಕೊರತೆ ಸಿಕ್ಕರೆ ಬಡವರು, ಮೂರಾದರೆ ಅಲ್ಲ, ಅವರಿಗಿರುವುದು ಒಂದು ಕೊರತೆಯ ಕೊರತೆ ಅಷ್ಟೇ — ಬನ್ನಿ ಸಾರ್ ಕೂತ್ಕೊಳ್ಳಿ, ಗುಂಡಿ ಹೊಲಿಯುವ ತಾಯಿ ಷರ್ಟಿನ ರಾಶಿ ಸರಿಸಿದಳು, ಪಕ್ಕದಲ್ಲಿ ಮಗಳು, ನನ್ನದೇ ಕ್ಲಾಸಿನ ಬಾಯಿಬಡಕಿ, ಅಡ್ಡಹೆಸರಲ್ಲೇ ಬಡ ಇದೆ, ಟ್ಯಾಬಿಗೆ ಅದು ಸಾಲದು, ಸೂಜಿಗೆ ದಾರ ಪೋಣಿಸುತ್ತಿದ್ದಾಳೆ, ನಮ್ಮ ಶಾಲೆ ಆರನೇ ಕ್ಲಾಸಿಗೇ ಮುಗಿಯುತ್ತದೆ, ಏಳನೆಯದು ದೂರದ ಊರಲ್ಲಿ, ಅಲ್ಲಿನ ಹಾಸ್ಟೆಲ್ಲು ಬಡವರ ಪಟ್ಟಿಯವರಿಗೆ ಮಾತ್ರ, ಪಟ್ಟಿಗೆ ಇವತ್ತೇ ಕೊನೆ, ಸೀಟು ಸಿಗದಿದ್ದರೆ ಇದೇ ಸೂಜಿ ಇದೇ ದಾರ, ಸೇರಿಸಿಯೇ ತೀರುತ್ತೇನೆ, ಒಲೆ ಸೌದೆಯದು, ಗೋಡೆಯೆಲ್ಲ ಮಸಿ, ಒಂದು, ನೀರಿಗೆ ಅರ್ಧ ಗಂಟೆ ನಡಿಗೆ, ಎರಡು, ಕಕ್ಕಸು ಇದೆ ಸಾರ್, ಆರು ಮನೆಗೆ ಒಂದೇ, ಮುಂಜಾನೆ ಕ್ಯೂ ನೋಡ್ಬೇಕು ನೀವು, ಮೂರು — ಇನ್ನೊಂದು, ಇನ್ನೊಂದೇ ಒಂದು, ಇನ್ನೊಬ್ಬರ ಮನೆಯಲ್ಲಿ ಇಲ್ಲದ್ದನ್ನು ಇಷ್ಟು ಆಸೆಯಿಂದ ಹುಡುಕುವ ಕೆಲಸ ಕಳ್ಳರಿಗೂ ಇಲ್ಲ — ಕರೆಂಟಿದೆ, ಫೋನಿದೆ, ನೆಲ ಸಿಮೆಂಟಿನದು, ಥತ್, ಉಳಿದದ್ದು ಓದು, ಮನೆಯಲ್ಲಿ ಒಬ್ಬರೂ ಆರು ದಾಟಿರದಿದ್ದರೆ ನಾಲ್ಕು, ಮನೇಲಿ ಯಾರಾದ್ರೂ ಆರನೇ ಕ್ಲಾಸು ಮುಗಿಸಿದೀರಾಮ್ಮ, ಇಲ್ಲ ಅನ್ನು ಅಂತ ಕಣ್ಣಲ್ಲೇ ಬೇಡಿಕೊಂಡೆ, ನಾನು ಸ್ಕೂಲ್ ಮುಖ ನೋಡಿಲ್ಲ ಸಾರ್, ಇವರಪ್ಪ ಮೂರಕ್ಕೇ ಬಿಟ್ಟೋರು, ಸದ್ಯ, ಒತ್ತಲು ಬೆರಳೆತ್ತಿದೆ, ಬಾಯಿಬಡಕಿ ಎದ್ದು ನಿಂತಳು, ನಾನಿದೀನಲ್ಲ ಸಾರ್, ನೀವೇ ಪಾಸ್ ಮಾಡಿ ಮರೆತೇಬಿಟ್ರಾ, ಸುಮ್ನಿರೇ ನನ್ನವ್ವ, ಇಲ್ಲ ಅಂತ ಒತ್ತಿಯೇಬಿಟ್ಟೆ — ಟ್ಯಾಬು ಕೆಂಪಾಯಿತು, ಶಾಲೆಯ ದಾಖಲೆಗೂ ಇದಕ್ಕೂ ನಂಟಂತೆ, ಈ ಸದಸ್ಯೆ ಆರನೇ ತರಗತಿ ಉತ್ತೀರ್ಣ, ಬಡ ಕುಟುಂಬ ಅಲ್ಲ, ಕೆಳಗೆ ಅಂಕಪಟ್ಟಿಯ ಚಿತ್ರ, ಗಣಿತ ಮೂವತ್ತು, ಪಕ್ಕದಲ್ಲಿ ಹಸಿರು ಶಾಯಿಯಲ್ಲಿ ಕೂಡು ಐದು, ನನ್ನ ಕೈಬರಹ, ಗುಂಡಿ ಹೊಲಿದು ಹೊಲಿದು ಬೆರಳು ತೂತಾದ ಮಗು, ಹೋಗಲಿ ಪಾಪ ಅಂತ ಕೊಟ್ಟದ್ದು, ಬೇಕಿದ್ದದ್ದು ಸೂಚ್ಯಂಕ, ಕೊಟ್ಟದ್ದು ಕೃಪಾಂಕ, ಅಂಕದ ಪರದೆ ಬಿತ್ತು, ಫೇಲಾಗಿದ್ದರೆ ಹಾಸ್ಟೆಲ್ಲು ಸಿಗುತ್ತಿತ್ತು, ಏಳನೇ ಕ್ಲಾಸು ಸಿಗುತ್ತಿರಲಿಲ್ಲ, ಪಾಸಾಗಿದ್ದಾಳೆ, ಏಳನೇ ಕ್ಲಾಸಿದೆ, ಹಾಸ್ಟೆಲ್ಲಿಲ್ಲ — ಆಯ್ತಾ ಸಾರ್, ನಾವು ಪಟ್ಟೀಲಿ ಬಂದ್ವಾ, ತಾಯಿ ಕೇಳುತ್ತಿದ್ದಾಳೆ, ಮಗಳು ಹಲ್ಲಲ್ಲಿ ದಾರ ಕಡಿದು ಇನ್ನೊಂದು ಷರ್ಟು ಎಳೆದುಕೊಂಡಳು, ಹಸಿರು ಶಾಯಿ, ಕೂಡು ಐದು, ಎಷ್ಟು ದುಂಡಗೆ ಬರೆದಿದ್ದೇನೆ, ಕೂಡು ಐದು, ಕೂಡು —