ವಾಸನೆಯಿಲ್ಲದ ಸಬ್ಬಸಿಗೆ

2014ರ ಜೂನ್, ಬೆಳಗಿನ ಹನ್ನೊಂದರ ಹೊತ್ತು. ಹೆಸರಿಗೆ ಬೇಸಿಗೆ; ನೀಲಮ್ಮ ಎರಡು ಸ್ವೆಟರ್ ಹಾಕಿಕೊಂಡೇ ಕಾರಿನಿಂದ ಇಳಿದಳು. ಬಸುರಿ ಮಗಳು ಚಂದ್ರಿಕಾಗೆ ಎಂಟು ತಿಂಗಳು ತುಂಬಿತ್ತು. ಬಾಣಂತನಕ್ಕೆಂದು ನೀಲಮ್ಮ ಇಂಗ್ಲೆಂಡಿನ ಸಟನ್ ಕೋಲ್ಡ್‌ಫೀಲ್ಡಿಗೆ ಬಂದರೆ, ಬೀಗಿತ್ತಿ ಲೀಲಾವತಿ ಆಗಲೇ ಬಂದು ಕೂತಿದ್ದಳು. ಮನೆಯಲ್ಲಿ ಮಿಕ್ಕಿದ್ದು ಒಂದೇ ಕೋಣೆ. ಒಬ್ಬರು ಊರಿಗೆ ಹೊರಡಲೇಬೇಕು, ಯಾರು ಅನ್ನೋದನ್ನ ನೀವೇ ತೀರ್ಮಾನ ಮಾಡ್ಕೊಳ್ಳಿ ಎಂದು ಅಳಿಯ ಮಿಥುನ್ ಕೈ ತೊಳೆದುಕೊಂಡಿದ್ದ.

"ನಿಮ್ಮ ಕೆಂಡ, ಸಾಂಬ್ರಾಣಿ ಹೊಗೆ ಎಲ್ಲ ಇಲ್ಲಿ ನಡೆಯಲ್ಲ ನೀಲಮ್ಮನೋರೇ, ಅಲಾರಂ ಹೊಡ್ಕೊಳ್ಳುತ್ತೆ," ಎಂದು ಲೀಲಾವತಿ ದಾರಿಯುದ್ದಕ್ಕೂ ಕುಟುಕಿದ್ದಳು.

ನಾಲ್ವರೂ ನೋಡಲು ಬಂದದ್ದು ನಾನೂರು ವರ್ಷ ಹಳೆಯ, ಹುಲ್ಲು ಹೊದಿಸಿದ ಗುಡಿಸಲು, ಅದರ ಮುಂದಿನ ಹೂದೋಟ. ಇಂಥದ್ದರಿಂದ ಹಂಚಿನ ಮನೆಗೆ ದಾಟೋಕೆ ನಮ್ಮಪ್ಪ ಜನ್ಮವೆಲ್ಲ ತೇದ. ಇವರು ಟಿಕೆಟ್ ತಗೊಂಡು, ತಲೆ ಬಗ್ಗಿಸಿ ಒಳಗೆ ಹೋಗ್ತಾರಲ್ಲ, ಎಂದುಕೊಂಡಳು ನೀಲಮ್ಮ. ಹೂವೋ, ರಾಶಿ ರಾಶಿ. ಒಂದೂ ಮುಡಿಗಿಲ್ಲ, ದೇವರಿಗಿಲ್ಲ, ಗಿಡದಲ್ಲೇ ಬಾಡಿ ಉದುರುತ್ತಿದ್ದವು.

ಲೀಲಾವತಿ ಗಿಡಗಿಡದ ಚೀಟಿ ಓದಿ ಪಾಠ ಹೇಳುತ್ತ ಬಂದಳು. ಮೂಲೆಯಲ್ಲೊಂದು ಗಿಡ, ಇನ್ನೂ ಹೂ ಬಿಟ್ಟಿರಲಿಲ್ಲ, ಎಲೆ ಮಾತ್ರ ಕೂದಲೆಳೆಯಂತೆ. "ಅಯ್ಯೋ, ಸಬ್ಬಸಿಗೆ! ಬಾಣಂತಿಗೆ ಹಾಲು ಬರೋಕೆ ಇದಕ್ಕಿಂತ ಬೇಕಾ? ನೋಡಿದ್ರಾ, ಪಥ್ಯ ನನಗೂ ಗೊತ್ತು!" ಒಂದು ಹಿಡಿ ಕಿತ್ತು ಬ್ಯಾಗಿಗೆ ತುರುಕಿದಳು.

ನೀಲಮ್ಮನಿಗೆ ನಿಂತಲ್ಲೇ ಗೊತ್ತಾಯಿತು. ಸಬ್ಬಸಿಗೆ ಕಿತ್ತರೆ ಬೀದಿಗೆಲ್ಲ ಗಮ್ಮೆನ್ನಬೇಕು. ಬಾಯಿ ಬಿಡಲಿಲ್ಲ. ಬೀಗಿತ್ತಿ ಮಗನನ್ನು ಕರೆದು, ಸೊಸೆಯನ್ನು ಕರೆದು, ಇನ್ನೆರಡು ಸಲ ಕೊಚ್ಚಿಕೊಳ್ಳಲಿ ಎಂದು ಕಾದಳು.

ಕತ್ತರಿ ಹಿಡಿದ ಮುದುಕ ಮಾಲಿ ದಾಪುಗಾಲಲ್ಲಿ ಬಂದ. ಅದು ಸೊಪ್ಪಲ್ಲ, ನೀಲಿ ಹೂವಿನ ಗಿಡ, ತಿನ್ನೋದಲ್ಲ, ಇಲ್ಲಿ ಏನೂ ಕೀಳೋ ಹಾಗಿಲ್ಲ ಅಂದ. ಸಾರಿ ಸಾರಿ ಎನ್ನುತ್ತ ಮಿಥುನ್ ಕಿವಿವರೆಗೂ ಕೆಂಪಾದ.

ಚಂದ್ರಿಕಾ ಒಂದೆಳೆ ಹೊಸಕಿ ಮೂಸಿದಳು. "ಅತ್ತೆ, ವಾಸನೆಯೇ ಇಲ್ಲವಲ್ಲ! ಅಮ್ಮ, ನಿನಗೆ ಗೊತ್ತಿತ್ತು ತಾನೆ? ಯಾಕೆ ಸುಮ್ಮನಿದ್ದೆ?"

"ಓದಿದೋರು ಕಣೆ. ಚೀಟಿ ನೋಡ್ಕೊಂಡೇ ಕಿತ್ತಿರ್ತಾರೆ ಅಂದ್ಕೊಂಡೆ."

ಚಂದ್ರಿಕಾ ನಗಲಿಲ್ಲ. ಹೊಟ್ಟೆ ಮೇಲೆ ಕೈಯಿಟ್ಟುಕೊಂಡು, "ಮಿಥುನ್, ನನ್ನ ತಟ್ಟೆಗೆ ಬೀಳೋದನ್ನ ಮೂಸಿ ನೋಡೋರು ಬೇಕು. ಅಮ್ಮ ಇರಲಿ," ಎಂದಳು.

ಮಿಥುನ್ ತಾಯಿಯ ಮುಖ ನೋಡಲಿಲ್ಲ. ಹೂಂ ಎಂದು ತಲೆ ಮಾತ್ರ ಆಡಿಸಿದ.

ಬರ್ಮಿಂಗ್‌ಹ್ಯಾಮಿನಿಂದ ವಿಮಾನ ಹತ್ತಿ ಲೀಲಾವತಿ ಊರಿಗೆ ಹೊರಟದ್ದು ಬುಧವಾರ.