ಅಕ್ಕ ಓಡಿಸುವ ಹಾಗಿರಬೇಕು

"ಸ್ಟೇರಿಂಗ್ ಎಲ್ಲಿ ಹೋಯ್ತು ಮಾರಾಯ್ರೆ?"

ಕಾರಿನ ಬಲಬಾಗಿಲು ತೆರೆದು ಅರ್ಧ ಒಳಗೆ ತೂರಿಕೊಂಡಿದ್ದ ನಿತ್ಯಾನಂದ ಭಟ್ಟರು ಬರಿಯ ಸೀಟಿನ ಮುಂದೆ ಕೈಯಾಡಿಸುತ್ತ ಕೇಳಿದರು. ಹಿಂದೆ ಡಿಕ್ಕಿಗೆ ಭುಜ ಕೊಟ್ಟು ತಳ್ಳುತ್ತಿದ್ದ ಪಕ್ಕದ ಬೀದಿಯ ಕನ್ನಡದ ಹುಡುಗ ಗುರುದತ್ ತಲೆಯೆತ್ತಿದ. ಕಾರು ಜಪ್ಪಯ್ಯ ಅಂದರೂ ಕದಲಿರಲಿಲ್ಲ.

"ಆ ಕಡೆ ಸಾರ್, ಎಡಗಡೆ. ಅಮೆರಿಕದ ಗಾಡಿ ಅಲ್ವಾ. ನೀವು ಬ್ರೇಕ್ ತೆಗೆದಿದೀರ ಅಂತ ನಾನಿಲ್ಲಿ ಸೊಂಟ ಮುರ್ಕೊಳ್ತಿದೀನಿ!"

ಬಾಗಿಲಿಗೆ ಒರಗಿ ನಿಂತಿದ್ದ ಸರೋಜಿನಿಗೆ ಬೆಳಗಿನಿಂದ ಮೊದಲ ಸಲ ನಗು ಬಂತು. ಸೆರಗಿನಿಂದ ಮಾಸ್ಕನ್ನು ಒತ್ತಿಕೊಂಡು, "ಅದು ಆಟೋಮ್ಯಾಟಿಕ್. ಪಾರ್ಕಿನಲ್ಲಿ ನಿಲ್ಲಿಸಿದ್ದಾರೆ. ಕೀ ಹಾಕಿ ಗೇರು ಬಿಡಿಸದೆ ಆನೆ ಬಂದು ತಳ್ಳಿದರೂ ಅಷ್ಟೆ" ಎಂದರು.

ಗಂಡ ರತ್ನಾಕರರ ದೇಹವನ್ನು ತರುವ ವ್ಯಾನು ಆಸ್ಪತ್ರೆಯಿಂದ ಹೊರಟಾಗಿತ್ತು. ಕೊರೊನಾ ಅಲ್ಲ, ಹೃದಯ ಎಂದು ಡಾಕ್ಟರು ಬರೆದುಕೊಟ್ಟದ್ದರಿಂದ ಸ್ವಲ್ಪ ಹೊತ್ತು ಮನೆಗೆ ತರಲು ಒಪ್ಪಿಗೆ ಸಿಕ್ಕಿತ್ತು. ಪೆಟಾಲಿಂಗ್ ಜಯಾದ ಆ ಸಾಲುಮನೆಯ ಹಜಾರದಲ್ಲಿ ಮಲಗಿಸಿದರೆ ದೂರ ದೂರ ನಿಲ್ಲಲು ಜಾಗವಿಲ್ಲ. ಪೋರ್ಚೇ ಸರಿ. ಆದರೆ ಪೋರ್ಚಿನ ತುಂಬ ಕಡುನೀಲಿಯ ಹಳೆಯ ಮಸ್ಟಾಂಗ್, ಮನೆಯ ಯಜಮಾನ ಬರುವವರೆಗೆ ಏಳುವುದಿಲ್ಲ ಎಂಬಂತೆ ಕೂತಿತ್ತು.

"ಅಕ್ಕಾ, ನಾನು ತೆಗೀಲಾ?"

ಗೇಟಿನಾಚೆಯಿಂದ ವೇಲು ಕೇಳಿದ. ಹಳೆಯ ಕಾರ್ಖಾನೆ ಬೀದಿಯಲ್ಲಿ ಗೇರ್‌ಬಾಕ್ಸ್ ಬಿಚ್ಚಿ ಕಟ್ಟುವವನು. ಒಳಗೆ ಇಷ್ಟೇ ಜನ ಎಂಬ ನಿಯಮಕ್ಕೆ ತಲೆಬಾಗಿ ಬೆಳಗಿನಿಂದ ರಸ್ತೆಯಲ್ಲೇ ನಿಂತಿದ್ದ. ಅವನದು ತಮಿಳು, ಸರೋಜಿನಿಯದು ಕನ್ನಡ. ಇಷ್ಟು ವರ್ಷವೂ ಹಾಗೆಯೇ ನಡೆದಿತ್ತು, ಒಂದು ಮಾತೂ ಕೆಳಗೆ ಬಿದ್ದಿರಲಿಲ್ಲ.

ಸರೋಜಿನಿ ಕೀ ತಂದುಕೊಟ್ಟರು. ವೇಲು ಚಪ್ಪಲಿ ಬಿಟ್ಟು ಒಳಗೆ ಕೂತ. ಇಂಜಿನ್ನು ಒಮ್ಮೆ ಗುಡುಗಿ, ಆಮೇಲೆ ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರುಗುಟ್ಟತೊಡಗಿತು. ಎದುರು ಮನೆಯ ಚೀನೀ ಅಜ್ಜಿ ಕಿಟಕಿಯ ಪರದೆ ಸರಿಸಿ ನೋಡಿದಳು. ದಿನಾ ಬೆಳಿಗ್ಗೆ ಈ ಸದ್ದಿಗೇ ಅವಳು ಹೀಗೆ ಪರದೆ ಸರಿಸಿ ಕೈಬೀಸುತ್ತಿದ್ದದ್ದು. ಇವತ್ತು ಬೀಸಲೆಂದು ಎತ್ತಿದ ಕೈಯನ್ನು ಹಾಗೇ ಎದೆಯ ಮೇಲಿಟ್ಟುಕೊಂಡಳು.

*

ರತ್ನಾಕರ ಮಣಿಪಾಲದಲ್ಲಿ ಓದಿ ಬಂದು ಇಲ್ಲಿನ ದಂತ ವೈದ್ಯಕೀಯ ಕಾಲೇಜಿನಲ್ಲಿ ಕಟ್ಟುಹಲ್ಲು ಮಾಡುವುದನ್ನು ಕಲಿಸುತ್ತಿದ್ದರು. "ಹಲ್ಲಿನ ಸೆಟ್ಟು ಫೋಟೋಕ್ಕೂ ಆಗಬೇಕು, ಚಕ್ಕುಲಿಗೂ ಆಗಬೇಕು. ಒಂದಕ್ಕೇ ಆಗುವುದನ್ನು ಯಾರು ಬೇಕಾದರೂ ಮಾಡ್ತಾರೆ" ಎನ್ನುವುದು ಅವರ ಮೊದಲ ಪಾಠ.

ಯಾವುದೋ ಎಸ್ಟೇಟಿನ ಶೆಡ್ಡಿನಲ್ಲಿ ಕೋಳಿಗಳ ಸಂಸಾರಕ್ಕೆ ಮನೆಯಾಗಿದ್ದ ಈ ಕಾರನ್ನು ತಂದ ದಿನ ಸರೋಜಿನಿ ಮೂಗು ಮುಚ್ಚಿಕೊಂಡಿದ್ದರು. ಅದು ಮೈ ತೊಳೆದು, ಬಣ್ಣ ಹೊಡೆಸಿಕೊಂಡು, ಭಾನುವಾರ ಸಂಜೆ ಡ್ರ್ಯಾಗ್ ರೇಸಿನ ನೇರ ದಾರಿಗೆ ಹೋಗುವಂತಾದದ್ದು ವೇಲುವಿನ ಗರಾಜಿನಲ್ಲಿ. ಅಲ್ಲಿ ಹುಡುಗರೆಲ್ಲ ಕ್ಲಚ್ಚು ಒತ್ತಿ ಓಡಿಸುವ ಕೈಗೇರಿನವರು. "ಡಾಕ್ಟರ್‌ಗೆ ಒಂದೇ ಕಾಲು ಸಾಕಾ ಲಾ?" ಎಂದು ಈ ಊರಿನ ರೂಢಿಯ 'ಲಾ' ಹಚ್ಚಿ ಕಿಚಾಯಿಸುತ್ತಿದ್ದರು. "ಎರಡೂ ಇದೆ ಮಾರಾಯ. ಇನ್ನೊಂದನ್ನು ಬ್ರೇಕಿನ ಮೇಲೆ ಇಡ್ತೇನೆ, ನಿನಗೆ ಅದರ ಅಭ್ಯಾಸ ಇಲ್ಲ" ಎಂದು ಇವರು.

ಮೊದಲು ಹಾಕಿಸಿದ ಕನ್ವರ್ಟರು ಉಗ್ರದ್ದು. ಇಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರಿಗೆ ದಾಟಿಸುವ ಆ ಭಾಗ ಉಗ್ರವಾದಷ್ಟೂ ಇಂಜಿನ್ನು ಚೆನ್ನಾಗಿ ಕೂಗಿದ ಮೇಲೆಯೇ ಕಾರು ಮುಂದೆ ಹೋಗುವುದು, ಆದರೆ ಹೋದರೆ ಕವಣೆಕಲ್ಲು. ರೇಸಿಗೆ ಅದು ಸರಿ. ಆದರೆ ಕೃಷ್ಣಾಷ್ಟಮಿಯ ದಿನ ಬ್ರಿಕ್‌ಫೀಲ್ಡ್ಸಿನ ದೇವಸ್ಥಾನಕ್ಕೆ ಹೊರಟವರು ಬಾಂಗ್ಸಾರಿನ ಹತ್ತಿರ ವಾಹನಗಳ ಸಾಲಿಗೆ ಸಿಕ್ಕಿಬಿದ್ದರು. ಸರೋಜಿನಿಯ ಮಡಿಲಲ್ಲಿ ಗಸಗಸೆ ಪಾಯಸದ ಪಾತ್ರೆ. ಇಂಜಿನ್ನು ಕೂಗಿತು, ಕಾರು ಹೋಗಲಿಲ್ಲ. ಇನ್ನಷ್ಟು ಕೂಗಿತು, ಹೋಗಲಿಲ್ಲ. ಆಮೇಲೆ ಒಮ್ಮೆಲೇ ಹಾರಿತು. ಪಾಯಸ ಅರ್ಧ ಸೀರೆಗೆ, ಅರ್ಧ ಸೀಟಿಗೆ.

ತಾವೇ ಮುಂದೆ ನಿಂತು ಹೊಲಿಸಿದ ಸೀಟನ್ನು ರತ್ನಾಕರ ನೋಡಲೇ ಇಲ್ಲ. "ಸುಟ್ಟಿತಾ? ಸುಟ್ಟಿತಾ ಸರೋಜಿ?" ಎಂದು ದಾರಿಯುದ್ದಕ್ಕೂ ಕೇಳಿದರು.

ಮುಂದಿನ ವಾರ ಆ ಕನ್ವರ್ಟರು ಕಾರಿನಲ್ಲಿರಲಿಲ್ಲ. ತನ್ನ ಬೈಗುಳಕ್ಕೆ ಹೆದರಿದರು ಎಂದು ಸರೋಜಿನಿ ಒಳಗೊಳಗೇ ಬೀಗಿದ್ದರು.

"ಈಗ ನೀನೊಮ್ಮೆ ಓಡಿಸಿ ನೋಡು" ಎಂದು ರತ್ನಾಕರ ಅಂದಿನಿಂದ ಶುರುಮಾಡಿದವರು ನಿಲ್ಲಿಸಲೇ ಇಲ್ಲ.

"ನಿಮ್ಮ ರಾಕ್ಷಸ ನಿಮಗೇ ಇರಲಿ. ನಾನು ಆಚೆ ಕೂತರೆ ಟೋಲಿನಲ್ಲಿ ಕಾರ್ಡು ಒತ್ತುವವರು ಯಾರು?"

ಅದೂ ನಿಜವೇ. ಈ ದೇಶದ ಟೋಲುಗಳೆಲ್ಲ ಬಲಗಡೆ. ಕಾರ್ಡು ಒತ್ತುವುದು, ಮುಂದಿನ ಲಾರಿಯನ್ನು ದಾಟುವಾಗ ಕತ್ತು ಚಾಚಿ "ಖಾಲಿ ಉಂಟು, ಹೋಗಿ" ಎನ್ನುವುದು, ಎಲ್ಲ ಬಲಗಡೆ ಕೂತ ಸರೋಜಿನಿಯ ಕೆಲಸ.

*

ವ್ಯಾನು ಬಂತು. ಪೋರ್ಚಿನಲ್ಲಿ ಮಲಗಿಸಿದರು. ಬಿಳಿಯ ಅಂಗಿ, ಮುಖದ ಮೇಲೆ ಪಾಠ ಮಾಡಿ ಬಂದ ದಿನದ ಸಣ್ಣ ಆಯಾಸ. ಭಟ್ಟರು ಮಂತ್ರ ಹೇಳುತ್ತ ಎರಡು ಸಲ ತಡವರಿಸಿದರು. ಬ್ರಿಕ್‌ಫೀಲ್ಡ್ಸಿನ ದೇವಸ್ಥಾನದಲ್ಲಿ ಅಡುಗೆ ನೋಡಿಕೊಳ್ಳುತ್ತ, ಕನ್ನಡದವರ ಮನೆಯ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಬರುವ ಹಿರಿಯರು ಅವರು. ಬಾಯಲ್ಲಿದ್ದ ಹಲ್ಲಿನ ಸೆಟ್ಟು ರತ್ನಾಕರರೇ ಕೂರಿಸಿದ್ದು.

ದೂರದ ಇಪೋ ಊರಿನಲ್ಲಿದ್ದ ಮಗಳು ಶ್ರೀಯಾ ಗುರುದತ್ತನ ಫೋನಿನೊಳಗಿಂದ ನೋಡುತ್ತಿದ್ದಳು. ಕೊರೊನಾ ವಾರ್ಡಿನಲ್ಲಿ ಕೆಲಸ ಮಾಡುವ ಎಳೆಯ ಡಾಕ್ಟರು. ಅವಳಿಗೇ ಸೋಂಕು ತಗುಲಿ ಒಂದು ಕೋಣೆಯೊಳಗೆ ಕೂಡಿಟ್ಟಿದ್ದರು. ಮನೆಯ ಚಿಕ್ಕ ಕಾರೂ ಅವಳ ಹತ್ತಿರವೇ ಇತ್ತು.

"ಮುಂದಿನದು ನಾವು ನೋಡಿಕೊಳ್ತೇವೆ ಸರೋಜಿನಿ," ಭಟ್ಟರು ಮೆಲ್ಲಗೆ ಹೇಳಿದರು. "ಮಗಳು ಬರುವ ಹಾಗಿಲ್ಲ, ಭಾವ ಮೈದುನ ಎಲ್ಲ ಉಡುಪಿಯಲ್ಲೇ ಸಿಕ್ಕಿಕೊಂಡಿದ್ದಾರೆ. ನಾನೇ ಕರ್ತೃವಾಗಿ ನಿಲ್ತೇನೆ. ನೀನು ಮನೆಯಲ್ಲಿರು. ನಮ್ಮಲ್ಲಿ ಹೆಂಗಸರು ಅಲ್ಲಿಗೆ ಹೋಗುವ ಕ್ರಮ ಇಲ್ಲ."

ಸರೋಜಿನಿ ತಲೆಯಾಡಿಸಿದರು. ಅತ್ತೆಯೂ ಹೋಗಿರಲಿಲ್ಲ, ಅಮ್ಮನೂ ಹೋಗಿರಲಿಲ್ಲ.

ಫೋನಿನಿಂದ ಸ್ವರ ಬಂತು. "ಅಮ್ಮಾ, ಯೂ ಗೋ."

"ಏನು ಮಗಾ?"

"ಅಪ್ಪ ಅಲೋನ್ ಹೋಗ್ಬಾರದು. ವಾರ್ಡಲ್ಲಿ ಎಷ್ಟು ಜನ ಅಲೋನ್ ಹೋಗೋದು ನೋಡ್ದೆ, ಯಾರೂ ಇಲ್ದೆ. ನಾಟ್ ಅಪ್ಪ, ಅಮ್ಮಾ. ಪ್ಲೀಸ್ ಲಾ." ಮುಂದೆ ಅವಳಿಗೆ ಯಾವ ಭಾಷೆಯೂ ಬರಲಿಲ್ಲ.

ಗುರುದತ್ ಫೋನನ್ನು ಸರೋಜಿನಿಯ ಕೈಗೆ ಕೊಟ್ಟು, ಸ್ಮಶಾನದ ಕಚೇರಿಯಲ್ಲಿ ಕಾಗದ ತೋರಿಸಬೇಕೆಂದು ತನ್ನ ಕಾರಿನಲ್ಲಿ ಮುಂದೆ ಹೊರಟುಹೋದ. ವ್ಯಾನಿನವರು ಬಾಗಿಲು ಮುಚ್ಚಿದರು. ಭಟ್ಟರು ಅಕ್ಕಿ, ಎಳ್ಳು, ನೀರಿನ ಚೊಂಬು ಹಿಡಿದುಕೊಂಡು ವ್ಯಾನಿನ ಮುಂದಿನ ಸೀಟಿಗೆ ಹತ್ತಲು ಹೋದರೆ, ಬಿಳಿ ಕವಚದ ಡ್ರೈವರ್ ಎರಡೂ ಕೈ ಅಡ್ಡ ಹಿಡಿದ. ವ್ಯಾನಿನಲ್ಲಿ ಹೊರಗಿನವರು ಕೂರುವಂತಿಲ್ಲ.

"ಹಾಗಾದರೆ ನಾನು ಹೋಗುವುದು ಹೇಗೆ?" ಭಟ್ಟರು ರಸ್ತೆಯ ನಡುವೆ ನಿಂತರು.

"ನನ್ನೊಟ್ಟಿಗೆ ಬನ್ನಿ," ಎಂದರು ಸರೋಜಿನಿ.

ಹೇಳಿದ ಮೇಲೆ ಅವರಿಗೇ ಭಯವಾಯಿತು. ವೇಲುವಿನ ಕಡೆ ಕೈ ಚಾಚಿದರು. ವೇಲು ಕೀಯನ್ನು ಅಂಗಿಗೆ ಒರೆಸಿ ಕೊಟ್ಟ.

"ನನ್ನಿಂದ ಆಗುತ್ತದಾ ವೇಲು? ಹಾರಿ ವ್ಯಾನಿಗೇ ಗುದ್ದಿದರೆ?"

"ಅಕ್ಕಾ," ವೇಲು ಅಳುತ್ತಲೇ ನಕ್ಕ. "ಡಾಕ್ಟರ್ ಕಡೇ ಸುತ್ತಿನಲ್ಲಿ ಯಾವಾಗಲೂ ಯಾಕೆ ಸೋಲ್ತಿದ್ದರು ಗೊತ್ತಾ? ನಿಮ್ಮಿಂದ! ಆ ಉಗ್ರ ಕನ್ವರ್ಟರ್ ಇಡಿ, ಟ್ರೋಫಿ ನಮ್ಮದೇ ಅಂತ ಕಾಲು ಹಿಡಿದೆ. ಬೇಡ, ಅಕ್ಕ ಓಡಿಸುವ ಹಾಗಿರಬೇಕು ಅಂದರು. ಗೇರು ಇನ್ನೂ ಗಟ್ಟಿಯಾಗಿ ಬೀಳಲಿ ಅಂದೆ. ಬೇಡ, ಅಕ್ಕ ಓಡಿಸಬೇಕು. ಮಧ್ಯದ ಒಂದು ಕನ್ವರ್ಟರ್ ಸಿಕ್ಕುವ ತನಕ ಎಷ್ಟು ಸಲ ಗೇರ್‌ಬಾಕ್ಸ್ ಇಳಿಸಿದೆನೋ! ನಿಮ್ಮ ಹೆಸರು ಕೇಳಿದರೇ ನನಗೆ ಬೆನ್ನು ನೋವು ಲಾ."

"ನನ್ನ ಬೈಗುಳಕ್ಕೆ ಹೆದರಿ ತೆಗೆಸಿದ್ದು ಅಂದುಕೊಂಡಿದ್ದೆ."

"ಡಾಕ್ಟರ್ ಯಾರಿಗೆ ಹೆದರ್ತಾರೆ? ಈಗ ನೋಡಿ, ಕಾಲು ಹಗುರ ಇಟ್ಟರೆ ಬೆಣ್ಣೆ, ಒತ್ತಿದರೆ ಬೆಂಕಿ. ನೀವು ಒತ್ತಲೇಬೇಡಿ. ಬ್ರೇಕಿನಿಂದ ಕಾಲು ತೆಗೆಯಿರಿ, ಸಾಕು."

*

ವ್ಯಾನು ಮುಂದೆ, ಮಸ್ಟಾಂಗ್ ಹಿಂದೆ, ವೇಲುವಿನ ಬೈಕು ಕೊನೆಯಲ್ಲಿ. ಬೀದಿ ತಿರುಗುವವರೆಗೂ ಸರೋಜಿನಿ ಉಸಿರು ಬಿಡಲಿಲ್ಲ. ಎಡಗಡೆ ಕೂತು ನೋಡಿದರೆ ಅದೇ ರಸ್ತೆ ಬೇರೆಯವರ ಊರಿನ ಹಾಗಿತ್ತು. ಆದರೆ ಕಾರು ಹಾರಲಿಲ್ಲ. ಕಾಲೆತ್ತಿದಷ್ಟೂ ನಡೆಯಿತು, ಇಟ್ಟಲ್ಲಿ ನಿಂತಿತು. ದೊಡ್ಡ ರಸ್ತೆಗೆ ಬಂದಾಗ ಗೇರು ತಾನಾಗಿ ಬದಲಾಯಿತು. ಇಂಜಿನ್ನಿನ ಸ್ವರ ಒಂದು ಮೆಟ್ಟಿಲು ಇಳಿದದ್ದರಿಂದಷ್ಟೇ ಅದು ಗೊತ್ತಾದದ್ದು. ಬಲಗಡೆ ಕೂತ ಭಟ್ಟರ ಮಡಿಲಿನ ಚೊಂಬಿನಲ್ಲಿ ನೀರು ತುಳುಕಲಿಲ್ಲ.

ಸೇತುವೆಯ ಕೆಳಗೆ ಪೊಲೀಸರ ತಡೆ. ವ್ಯಾನನ್ನು ಬಿಟ್ಟು ಇವರನ್ನು ನಿಲ್ಲಿಸಿದರು. ಎಳೆಯ ಪೇದೆಯೊಬ್ಬ ಅಭ್ಯಾಸಬಲದಿಂದ ಬಲಗಡೆ ಕಿಟಕಿಗೆ ಬಗ್ಗಿ, ಭಟ್ಟರನ್ನು ಇಲ್ಲಿನ ಮಾತಿನಲ್ಲಿ ಚಿಕ್ಕಪ್ಪಾ ಎಂದು ಕರೆದ.

"ಪಾಕ್‌ಚಿಕ್, ಲೈಸೆನ್ಸ್."

"ನನ್ನತ್ರ ಎಂತ ಉಂಟು? ಎಳ್ಳು ಉಂಟು," ಭಟ್ಟರು ಗಾಬರಿಯಲ್ಲಿ ಕನ್ನಡದಲ್ಲೇ ಹೇಳಿ ಪೊಟ್ಟಣ ಎತ್ತಿ ತೋರಿಸಿದರು.

ಪೇದೆ ಸ್ಟೇರಿಂಗಿಗಾಗಿ ಹುಡುಕಿದ. ಆಮೇಲೆ ಆಚೆ ಬದಿಯ ಸರೋಜಿನಿಯನ್ನು ಕಂಡ. ಅವರು ಮುಂದೆ ನಿಂತು ಕಾಯುತ್ತಿದ್ದ ವ್ಯಾನಿನತ್ತ ಬೆರಳು ತೋರಿಸಿ, "ಸುವಾಮಿ ಸಾಯಾ" ಎಂದರು. ನನ್ನ ಗಂಡ.

ಪೇದೆ ಸರ್ರನೆ ನೆಟ್ಟಗೆ ನಿಂತ. ತಡೆಯ ಕಂಬವನ್ನು ತಾನೇ ಎತ್ತಿ ಬದಿಗಿಟ್ಟ.

ಕಾರು ಸೇತುವೆಯ ನೆರಳಿನಿಂದ ಹೊರಬಂತು.

"ನನಗೆ ಹಲ್ಲು ಕಟ್ಟುವಾಗ," ಭಟ್ಟರು ಎಂದೋ ಶುರುವಾಗಿದ್ದ ಮಾತನ್ನು ಮುಂದುವರಿಸುವವರಂತೆ ಹೇಳಿದರು, "ರತ್ನಾಕರ ನನ್ನ ಹತ್ತಿರ ಮಂತ್ರ ಹೇಳಿಸಿದ್ದ. ಒಂದೊಂದು ಅಕ್ಷರ ಎಲ್ಲಿ ತಾಗ್ತದೆ ಅಂತ ನೋಡಿ ನೋಡಿ ಉಜ್ಜಿದ. ಅಗಿಯಲಿಕ್ಕೆ ಆದರೆ ಸಾಕು ಮಾರಾಯ ಅಂದೆ. ಅಲ್ಲ ಭಟ್ರೆ, ನಿಮ್ಮ ಬಾಯಿಗೆ ಬೇರೆ ಕೆಲಸವೂ ಉಂಟಲ್ಲ, ಅಂದ." ಅವರು ಕಿಟಕಿಯ ಕಡೆ ತಿರುಗಿದರು. "ಇವತ್ತು ಅದೇ ಬಾಯಲ್ಲಿ ಅವನಿಗೇ ಹೇಳಿದೆ ನೋಡು."

ಮುಂದೆ ವ್ಯಾನು ನಿಧಾನವಾಯಿತು. ಸರೋಜಿನಿಯೂ ನಿಧಾನವಾದರು.

ಸ್ಮಶಾನದ ಗೇಟಿನಲ್ಲಿ ಗುರುದತ್ ಕಾಗದಗಳನ್ನು ಎದೆಗವಚಿಕೊಂಡು ಕಾಯುತ್ತಿದ್ದ. ಎಡಬಾಗಿಲಿನಿಂದ ಇಳಿದ ಸರೋಜಿನಿಯನ್ನು ನೋಡಿ, "ಆಂಟಿ, ನೀವಾ!" ಎಂದವನು ಭಟ್ಟರ ಮುಖ ನೋಡಿ ದಾರಿ ಬಿಟ್ಟ. ವೇಲು ಬೈಕು ನಿಲ್ಲಿಸಿ ಹೆಲ್ಮೆಟ್ ತೆಗೆದು ಗೇಟಿನ ಹೊರಗೇ ಉಳಿದ. ಒಳಗೆ ನೆಲ ಆಗತಾನೇ ತೊಳೆದು ಒದ್ದೆಯಾಗಿತ್ತು. ರತ್ನಾಕರರನ್ನು ಕುಲುಮೆಯ ಬಾಗಿಲ ಮುಂದಿನ ಹಳಿಗಳ ಮೇಲೆ ಇರಿಸಿದರು. ಗೋಡೆಯಲ್ಲಿ ಕುಲುಮೆ ಹೊತ್ತಿಸುವ ಹಸಿರು ಗುಂಡಿ.

"ಯಾರು ಒತ್ತುವವರು?" ಅಲ್ಲಿನ ಕೆಲಸದವನು ತಮಿಳಿನಲ್ಲಿ ಕೇಳಿದ. "ಮಗನಾ? ತಮ್ಮನಾ?"

ಭಟ್ಟರು ಆಗಲೇ ಕರ್ತೃ ತೊಡುವ ದರ್ಭೆಯ ಉಂಗುರ ಹೆಣೆದು ಬೆರಳಿಗೆ ಹಾಕಿಕೊಂಡಿದ್ದರು. ಸರೋಜಿನಿ ಶ್ರೀಯಾಳ ಮುಖವಿದ್ದ ಫೋನನ್ನು ಎದೆಯ ಹತ್ತಿರ ಹಿಡಿದು, ಗಂಡನ ತಲೆಯ ಬಳಿ ನಿಂತಿದ್ದರು. ಇನ್ನು ಯಾರು ಏನೇ ಹೇಳಿದರೂ ಅವರು ಅಲ್ಲಿಂದ ಕದಲುವವರಾಗಿರಲಿಲ್ಲ.

ಭಟ್ಟರು ಆಕೆಯ ಕಡೆ ನೋಡಿದರು. ಆಮೇಲೆ ಬೆರಳಿನಿಂದ ಉಂಗುರವನ್ನು ಜಾರಿಸಿ, ಕನ್ನಡಕವನ್ನು ಹಣೆಗೇರಿಸಿ, ದರ್ಭೆಯ ಗಂಟನ್ನು ಬಿಚ್ಚಿದರು.

"ಕೈ ಕೊಡು ಸರೋಜಿನಿ," ಎಂದವರು ಆಕೆಯ ಬೆರಳಿನ ಸುತ್ತ ಅಳತೆ ನೋಡಿ, ಮತ್ತೆ ಹೆಣೆಯತೊಡಗಿದರು.