ಗುಂಡಿ ಮೇಲಿನ ಟೆಂಟ್

"ಲೋ ಕಿಟ್ಟಿ, ಬಿಚ್ಚೋ ಆ ಟೆಂಟು! ಗೆಸ್ಟ್‌ಗಳು ನೆಂದ್ರೆ ನಿಮ್ಮಪ್ಪ ಬಂದು ಟವೆಲ್ ಕೊಡ್ತಾನಾ?"

ಕೂಗಿದ್ದು ದತ್ತಾತ್ರೇಯ ಸಾರ್, ನಮ್ಮ ಪ್ರಾಜೆಕ್ಟ್ ಇಂಜಿನಿಯರ್. ಮೈಸೂರವರು. ಆಫೀಸಲ್ಲಿ ಎಲ್ಲರಿಗೂ "ಹಾಯ್" ಅಂತಾರೆ, ಗುಂಡಿ ಹತ್ರ ಬಂದ್ರೆ ಮಾತ್ರ ಕನ್ನಡ ನೆನಪಾಗುತ್ತೆ.

ಗುಂಡಿ ಇದ್ದಿದ್ದು ಸಿಂಗಾಪುರದ ಟೋವಾ ಪಾಯೋದಲ್ಲಿ, ಒಂದು ಫ್ಲ್ಯಾಟ್ ಬ್ಲಾಕ್ ಪಕ್ಕ. ಎದೆಮಟ್ಟ ಆಳ. ಒಳಗೆ ಮಳವಳ್ಳಿ ಕಿಟ್ಟಿಯಣ್ಣ, ನಾನು, ಕರೆಂಟ್ ತೆಗೆದ ಹಳೇ ಕೇಬಲ್. ಅದರೊಳಗೆ ಎಣ್ಣೆಲಿ ನೆನೆಸಿದ ಕಾಗದ ಸುತ್ತಿರ್ತಾರೆ. ಅದಕ್ಕೆ ಹೊಸ ಕೇಬಲ್ ಸೇರಿಸೋದು ನಮ್ಮ ಕೆಲಸ. ಆ ಕಾಗದಕ್ಕೆ ನೀರು ಬಿತ್ತೋ, ಮುಗೀತು. ಇವತ್ತಲ್ಲದಿದ್ರೆ ಮುಂದಿನ ದೊಡ್ಡ ಮಳೆಗೆ ಢಮಾರ್. ಅದಕ್ಕೇ ಗುಂಡಿ ಮೇಲೆ ಟೆಂಟ್.

ಸೇರಿಸಿದ ಮೇಲೆ ಒಂದು ಹಿತ್ತಾಳೆ ಬಿಲ್ಲೆ ಕಟ್ಟಬೇಕು, ಮಾಡಿದವನ ಹೆಸರು ಕೊರೆದು. ಸುಟ್ಟುಹೋದ್ರೆ ಅಗೆದು ಬಿಲ್ಲೆ ನೋಡ್ತಾರೆ. ಆ ಹೆಸರಿನವನ ಲೈಸೆನ್ಸ್ ಕಿತ್ಕೊಂಡು ಊರಿನ ಫ್ಲೈಟ್ ಹತ್ತಿಸ್ತಾರೆ. ಹೋದ ವರ್ಷ ನಮ್ಮ ಜೊತೆಗಿದ್ದ ಗೋಪಿನಾಥನ್ನ ಹತ್ತಿಸಿದ್ರು. ಮಳೇಲಿ ಮುಚ್ಚು ಅಂದಿದ್ದು ಇದೇ ದತ್ತಾತ್ರೇಯ. ಬಿಲ್ಲೆ ಮೇಲೆ ಅವರ ಹೆಸರಿರಲಿಲ್ಲವಲ್ಲ!

"ಸಾರ್, ಮೋಡ ಕಟ್ಕಂಡದೆ. ಟೆಂಟ್ ತಗುದ್ರೆ ಕೇಬಲ್ ಕೆಡ್ತದೆ," ಅಂದ ಕಿಟ್ಟಿಯಣ್ಣ. "ಅವರ‍್ನ ಬ್ಲಾಕ್ ಕೆಳ್ಗೆ ಸೂರಿರೋ ವಾಯ್ಡ್ ಡೆಕ್‌ನಾಗೆ ನಿಲ್ಸಿ."

"ಅಲ್ಲಿ ನಿಂತ್ರೆ ಫೋಟೋದಲ್ಲಿ ಬೋರ್ಡ್ ಬರಲ್ಲ ಕಣೋ."

ಬೋರ್ಡ್ ಮೇಲೆ ಏನಿತ್ತು ಗೊತ್ತಾ? "ಎಂಥಾ ಮಳೆಗೂ ಜಗ್ಗದ ಗ್ರಿಡ್." ಅಕ್ಕಪಕ್ಕದ ದೇಶಗಳಿಂದ ಗೆಸ್ಟ್‌ಗಳು ಅದನ್ನ ನೋಡೋಕೆ ಬರ್ತಿದ್ರು.

ಟೆಂಟ್ ಗುಂಡಿ ಮೇಲಿಂದ ಬೋರ್ಡ್ ಪಕ್ಕಕ್ಕೆ ಹೋಯ್ತು. ಅದರಡಿ ಬಿಳಿ ಬಟ್ಟೆ ಹಾಸಿದ ಟೇಬಲ್, ತಿನ್ನೋಕೆ ಆಲೂ ತುಂಬಿದ ಕರಿ ಪಫ್. ಡೆಮೋ ಕೊಡಬೇಕು ಅಂತ ಎಣ್ಣೆ ಕಾಯಿಸೋ ನಮ್ಮ ಒಲೆನೂ ಅಲ್ಲೇ ಇಡಿಸಿದ್ರು. ಅತಿಥಿಗಳು ಕಾರಿಳಿದ್ರು, ಮಳೆನೂ ಇಳೀತು.

ಕಿಟ್ಟಿಯಣ್ಣ ಶರ್ಟ್ ಬಿಚ್ಚಿ ಕೇಬಲ್‌ಗೆ ಸುತ್ತಿ ಮೇಲೆ ಬೋರಲು ಬಿದ್ದ. ಬೆನ್ನು ಎಷ್ಟಗಲ ಇರುತ್ತೆ? ನೀರು ಪಕ್ಕದಿಂದ ನುಗ್ತು.

ಮೇಲಿಂದ ಫೋಟೋ ತೆಗೀತಿದ್ದ ಆಫೀಸಿನ ನಳಿನಿ ಮೇಡಂ, "ಅಯ್ಯೋ ಪಾಪ, ನೆನೀತಿದಾರೆ," ಅಂದ್ರು. ಆಮೇಲೆ ನನಗೆ, "ಸ್ವಲ್ಪ ಬಗ್ಗಪ್ಪಾ, ಫ್ರೇಮಲ್ಲಿ ಬರ್ತಿದೀಯ."

ದತ್ತಾತ್ರೇಯ ಸಾರ್ ಕೊಡೆ ಹಿಡ್ಕೊಂಡು ಬಗ್ಗಿದ್ರು. "ಇನ್ನೂ ಮುಚ್ಚಿಲ್ವೇನೋ ಮುಂಡೇದೆ? ಬೇಗ ಬಿಲ್ಲೆ ಕಟ್ಟು."

"ನೀರು ಕುಡಿದದೆ ಸಾರ್. ನಿಮ್ಮೆಸ್ರು ಕೊರ‍್ಕೊಡಿ, ಈಗ್ಲೇ ಮುಚ್ತೀನಿ."

ಸಾರ್ ನಕ್ಕೇಬಿಟ್ರು. "ನನ್ನ ಹೆಸರು ಬೋರ್ಡ್ ಮೇಲಿರೋದು ಕಣೋ. ಗುಂಡಿಗೆ ನಿಂದೇ ಸರಿ. ಮೊದಲು ಬಂದು ಡೆಮೋ ತೋರಿಸು. ಟೇಬಲ್ ಮೇಲೆ ಒಣಗಿದ ಪೇಪರ್ ಇಟ್ಟಿದೀನಿ, ಅದನ್ನೇ ಹಾಕು. ಬಾಯಿ ಬಿಟ್ರೆ ನಾಳೆನೇ ಫ್ಲೈಟು."

ಡೆಮೋ ಅಂದ್ರೆ ಇಷ್ಟೇ: ಕೇಬಲ್‌ನಿಂದ ಬಿಡಿಸಿದ ಕಾಗದದ ಚೂರನ್ನ ಕಾದ ಎಣ್ಣೆಗೆ ಹಾಕೋದು. ಒಣಗಿದ್ರೆ ಸುಮ್ಮನಿರುತ್ತೆ, ನೀರಿದ್ರೆ ಚಟಗುಟ್ಟುತ್ತೆ.

ಕಿಟ್ಟಿಯಣ್ಣ ಮೇಲೆ ಹತ್ತಿದ. ಅಂಗಿ ಇಲ್ಲ, ಮೈಯೆಲ್ಲ ಕೆಸರು. ಟೇಬಲ್ ಮೇಲಿನ ಪೇಪರ್ ಮುಟ್ಟಲೇ ಇಲ್ಲ. ಮುಷ್ಟಿ ಬಿಚ್ಚಿ, ಗುಂಡಿಯಿಂದ ತಂದಿದ್ದ ಚೂರನ್ನ ಎಣ್ಣೆಗೆ ಬಿಟ್ಟ.

ಸಾಸಿವೆ ಒಗ್ಗರಣೆ ಹಾಕಿದಂಗೆ ಚಟಪಟ ಚಟಪಟ!

ಅತಿಥಿಗಳಲ್ಲಿ ಒಬ್ಬ ಮುದುಕ ಕರಿ ಪಫ್ ಜಗಿಯೋದು ನಿಲ್ಲಿಸಿ ಗುಂಡಿ ಕಡೆ ನೋಡ್ದ. ಆಮೇಲೆ ಟೆಂಟ್ ಕಡೆ. ಅವನಿಗೆ ಅರ್ಥವಾಗಿತ್ತು.

ಸಾರ್ ಹಲ್ಲು ಕಿರಿಯುತ್ತಲೇ ಕನ್ನಡದಲ್ಲಿ ಉಸುರಿದ್ರು, "ಹೋಗೋ, ಮುಚ್ಚೋ ಬೋಳಿಮಗನೆ."

"ಹ್ಞೂಂ ಸಾರ್." ಕಿಟ್ಟಿಯಣ್ಣ ಇಳಿದು ನನ್ನ ಮುಂದೆ ಕೈ ಚಾಚಿದ. "ಗರಗಸ ಕೊಡು ಕಣ್ಲಾ."

ಕೊಟ್ಟೆ. ನಾಕು ದಿನದ ಕೆಲಸ, ಗರಗರ ಕೊಯ್ದ. ಒದ್ದೆ ತುಂಡನ್ನ ಮಗು ಥರ ಎತ್ಕೊಂಡು ಹೋಗಿ ಕರಿ ಪಫ್‌ಗಳ ಮಧ್ಯೆ ಮಲಗಿಸಿದ. ಬಿಳಿ ಬಟ್ಟೆ ಮೇಲೆ ಕಪ್ಪೆಣ್ಣೆ ಹರಡ್ತಾ ಹೋಯ್ತು. ಪಕ್ಕದಲ್ಲಿ ಹಿತ್ತಾಳೆ ಬಿಲ್ಲೆ ಇಟ್ಟ. ಅದರ ಮೇಲೆ ಹೆಸರಿರಲಿಲ್ಲ.

"ಇದೂ ನೆಂದದೆ ಸಾರ್. ಇದ್ಕೂ ಒಸಿ ಜಾಗ ಬುಡಿ."

ಸಾರ್ ಆಗಲೇ ಫೋನ್ ಕಿವಿಗಿಟ್ಟು ಕಿಟ್ಟಿಯಣ್ಣನ ವರ್ಕ್ ಪರ್ಮಿಟ್ ನಂಬರ್ ಹೇಳ್ತಿದ್ರು. ಮಳೆ ಇನ್ನೂ ಜೋರಾಯ್ತು. ನಾನು ಗುಂಡಿಯಿಂದ ಮೇಲೆ ಬಂದು ಟೆಂಟಿನ ಮೊದಲನೇ ಹಗ್ಗ ಬಿಚ್ಚಿದೆ.